ಮೀನಿನ ಕೋಣೆಯ ಆದಿಲಕ್ಷ್ಮಮ್ಮ

ಚಿರಂಜೀವಿಯ ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲದೆ ಅತ್ತಿಂದಿತ್ತ ಅಲ್ಲಾಡುವುದನ್ನು ಮೊದಲು ಗಮನಿಸಿದವಳು ಅವನ ತಾಯಿ ಆದಿಲಕ್ಷ್ಮಮ್ಮ. ಮಗುವಿಗೆ ಆಗ ಎರಡು ತಿಂಗಳು. ನೀರು ಹಾಕಿ, ಸಾಂಬ್ರಾಣಿ ಹಿಡಿದು, ಕಾಲ ಮೇಲೆ ಮಲಗಿಸಿಕೊಂಡು ಮುಖ ನೋಡುತ್ತಿದ್ದಳು. ಮಗುವೂ ಅವಳನ್ನು ನೋಡಲು ಯತ್ನಿಸುತ್ತಿತ್ತು. ಆದರೆ ಕಣ್ಣು ಅವಳ ಮುಖದ ಮೇಲೆ ನಿಲ್ಲುತ್ತಿರಲಿಲ್ಲ.

“ಅತ್ತೆ, ಇಲ್ನೋಡಿ. ಕಣ್ಣು ಎಂಗೆ ಆಡ್ತವೆ.”

ಅತ್ತೆ ಮುನಿನಾರಾಯಣಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಬಂದು ಬಗ್ಗಿ ನೋಡಿದಳು. “ಎಳೇ ಕೂಸು ಕಣೆ. ನಿಲ್ತವೆ ಬಿಡು,” ಅಂದಳು.

ನಿಲ್ಲಲಿಲ್ಲ. ಐದು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ವರ್ಷವಾದರೂ ಮಗು ಕೂರಲಿಲ್ಲ. ಬಂಗಾರಪೇಟೆಯಿಂದ ಬೂದಿಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಅರ್ಧ ಗಂಟೆ ನಡೆದರೆ ಸಿಗುವ ಊರು ಅದು. ಗಂಡ ಶ್ರೀರಾಮಪ್ಪನಿಗೆ ಎರಡು ಸೀಮೆಹಸು, ಒಂದೂವರೆ ಎಕರೆ ಹೊಲ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ, ಮಧ್ಯದಲ್ಲಿ ಹೊಲ ನೋಡಿಕೊಳ್ಳುತ್ತಿದ್ದ. ಚಿರಂಜೀವಿಗಿಂತ ನಾಲ್ಕು ವರ್ಷ ದೊಡ್ಡವಳಾದ ಮಗಳು ಕಲ್ಪನ ಅಷ್ಟು ಹೊತ್ತಿಗೆ ಶಾಲೆಗೆ ಹೋಗುತ್ತಿದ್ದಳು. ಗಂಡುಮಗುವಿಗೆ ಎರಡು ವರ್ಷ ತುಂಬಿದಾಗ ಗಂಡ ಹೆಂಡತಿ ಇಬ್ಬರೂ ಅವನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಮಿದುಳಿನ ಸ್ಕ್ಯಾನ್ ಮಾಡಿದ ವೈದ್ಯರು ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ಹೇಳಿದರು: “ನರಗಳ ಮೇಲೆ ಒಂದು ಹೊದಿಕೆ ಬೆಳೀಬೇಕು. ಈ ಮಗುವಿಗೆ ಅದು ಬೆಳೆದಿಲ್ಲ. ಹುಟ್ಟಿನಿಂದಲೇ ಬಂದದ್ದು. ಔಷಧಿ ಇಲ್ಲಮ್ಮ, ಚೆನ್ನಾಗಿ ನೋಡ್ಕೊಳ್ಳಿ.”

ಅವರು ಬರೆದುಕೊಟ್ಟ ಇಂಗ್ಲಿಷ್ ಹೆಸರನ್ನು ಆದಿಲಕ್ಷ್ಮಮ್ಮನಿಗೆ ಓದಲು ಬರಲಿಲ್ಲ. ಆ ಕಾಗದವನ್ನೂ ಸ್ಕ್ಯಾನಿನ ಹಾಳೆಗಳನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನ ತಳದಲ್ಲಿಟ್ಟಳು.

ಆಮೇಲೆ ಹದಿನಾಲ್ಕು ವರ್ಷ ಅವಳು ಮಗನನ್ನು ಹೊತ್ತಳು. ಮೊದಲು ಸೊಂಟದ ಮೇಲೆ, ಆಮೇಲೆ ಎರಡೂ ತೋಳಿನ ಮೇಲೆ, ಕೊನೆಕೊನೆಗೆ ಅತ್ತೆ ಕಾಲು ಹಿಡಿದುಕೊಂಡರೆ ಇವಳು ಕಂಕುಳಿಗೆ ಕೈ ಹಾಕಿ. ಅವನ ಕಾಲುಗಳು ಸೆಟೆದುಕೊಂಡಿದ್ದವು. ಮಾತು ಎಳೆದು ಎಳೆದು ಬರುತ್ತಿತ್ತು, ಮನೆಯವರಿಗೆ ಮಾತ್ರ ಅರ್ಥವಾಗುತ್ತಿತ್ತು. ಬುದ್ಧಿಗೆ ಏನೂ ಕಡಿಮೆ ಇರಲಿಲ್ಲ. ಕೊಟ್ಟಿಗೆಯಲ್ಲಿ ಯಾವ ಹಸು ಕೂಗಿತು ಎಂದು ಒಳಗಿಂದಲೇ ಹೇಳುತ್ತಿದ್ದ. ಕಲ್ಪನ ಪಾಠ ಓದುವಾಗ ತಪ್ಪಿದರೆ ನಗುತ್ತಿದ್ದ. ಒಂದು ಲೋಟ ಹಿಡಿಯಬೇಕೆಂದರೆ ಕೈ ಮೊದಲು ಗಡಗಡ ನಡುಗಿ, ಆಮೇಲೆ ಮುಂದೆ ಹೋಗುತ್ತಿತ್ತು. ಆದರೂ ಲೋಟ ತಾನೇ ಹಿಡಿಯುತ್ತೇನೆಂದು ಹಟ. ಅರ್ಧ ಹಾಲು ಅಂಗಿಯ ಮೇಲೆ ಚೆಲ್ಲಿದರೂ ಬೇರೆಯವರು ಕುಡಿಸುವುದಕ್ಕೆ ಬಿಡುತ್ತಿರಲಿಲ್ಲ.

ಮುನಿನಾರಾಯಣಮ್ಮ ಮೊಮ್ಮಗನಿಗೆ ಉಣಿಸುವುದರಲ್ಲಿ, ಒರೆಸುವುದರಲ್ಲಿ ಸೊಸೆಗಿಂತ ಹಿಂದೆ ಬಿದ್ದವಳಲ್ಲ. ಆದರೆ ಮೈ ಸೋತು ಸಿಟ್ಟು ಬಂದ ದಿನ ಅವಳ ಬಾಯಿಂದ ಒಂದೇ ಮಾತು ಬರುತ್ತಿತ್ತು: “ನಮ್ಮ ಕಡೆ ಇಂಥಾದ್ದು ಯಾರಿಗೂ ಇರ್ಲಿಲ್ಲ. ನಿನ್ನ ತೌರಿನಿಂದ ಬಂದಿದ್ದು ಇದು.”

ಆದಿಲಕ್ಷ್ಮಮ್ಮ ಎಂದೂ ಎದುರಾಡಲಿಲ್ಲ. ಅದನ್ನು ಎಲ್ಲರೂ ಅವಳ ತಾಳ್ಮೆ ಎಂದುಕೊಂಡರು. ನಿಜ ಬೇರೆ ಇತ್ತು. ಅವಳ ತಾಯಿಗೆ ಒಬ್ಬ ತಮ್ಮ ಹುಟ್ಟಿ, ಮೂರು ವರ್ಷ ಬದುಕಿ, ಎದ್ದು ಕೂರದೆಯೇ ಸತ್ತಿದ್ದ. ಅವನ ಕಣ್ಣೂ ಹೀಗೆಯೇ ಆಡುತ್ತಿದ್ದವಂತೆ. ತಾಯಿ ಬದುಕಿದ್ದಾಗ ಒಂದೇ ಒಂದು ಸಲ ಈ ಮಾತು ಆಡಿದ್ದಳು. ಆದಿಲಕ್ಷ್ಮಮ್ಮ ಅದನ್ನು ಗಂಡನಿಗೂ ಹೇಳಿರಲಿಲ್ಲ.

ಎರಡು ಸಾವಿರದ ಇಪ್ಪತ್ತೊಂದರ ಮಳೆಗಾಲದಲ್ಲಿ ಚಿರಂಜೀವಿಗೆ ಎದೆಯಲ್ಲಿ ಕಫ ಕಟ್ಟಿತು. ಬಂಗಾರಪೇಟೆಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ. ಐದನೆಯ ದಿನ ಬೆಳಿಗ್ಗೆ, ಅಜ್ಜಿ ಮುಖ ಒರೆಸುತ್ತಿದ್ದಂತೆ ಉಸಿರು ನಿಂತಿತು. ಅವನಿಗೆ ಹದಿನಾರು ವರ್ಷ. ಊರಲ್ಲಿ ಕೇಳಿದವರಿಗೆ ಶ್ರೀರಾಮಪ್ಪ “ಜ್ವರ ಬಂದು ಓದ” ಎಂದಷ್ಟೇ ಹೇಳಿದ.

ಮಗ ಹೋದ ಮೇಲೆ ಆದಿಲಕ್ಷ್ಮಮ್ಮನಿಗೆ ದಿನ ದೂಡುವುದು ಹೇಗೆಂದು ತಿಳಿಯಲಿಲ್ಲ. ಬೆಳಿಗ್ಗೆ ಎದ್ದರೆ ಎತ್ತುವುದಕ್ಕೆ ಯಾರೂ ಇಲ್ಲ. ಮಧ್ಯಾಹ್ನ ತಿರುಗಿಸಿ ಮಲಗಿಸುವುದಕ್ಕೆ ಯಾರೂ ಇಲ್ಲ. ತೋಳುಗಳು ನೋಯುವುದು ನಿಂತಿದ್ದೇ ಅವಳಿಗೆ ಸಂಕಟವಾಗುತ್ತಿತ್ತು. ಪಕ್ಕದ ಬೀದಿಯ ಹೆಂಗಸೊಬ್ಬಳು ಮಾರಿಕುಪ್ಪಂ ರೈಲುಗಾಡಿ ಹತ್ತಿ ದಿನವೂ ಬೆಂಗಳೂರಿಗೆ ಹೋಗಿ, ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದಳು. “ಮನೇಲಿ ಕೂತ್ರೆ ಉಚ್ಚು ಇಡಿದೋಗ್ತೀಯ, ನನ್ನ ಜೊತೆ ಬಾ” ಎಂದು ಅವಳೇ ಕರೆದುಕೊಂಡು ಹೋದಳು.

ಮೂರು ತಿಂಗಳು ನೆಲ ಒರೆಸಿದ ಮೇಲೆ ಆದಿಲಕ್ಷ್ಮಮ್ಮನನ್ನು ಮೀನಿನ ಕೋಣೆಗೆ ಹಾಕಿದರು. ಅಲ್ಲಿ ಮೊದಲಿದ್ದವನು ಬಿಟ್ಟುಹೋಗಿದ್ದ. ಉದ್ದನೆಯ ಬೆಚ್ಚಗಿನ ಕೋಣೆ, ಎದೆಯೆತ್ತರದವರೆಗೂ ಅದರ ಮೇಲೂ ಸಾಲುಸಾಲು ತೊಟ್ಟಿಗಳು, ಒಳಗೆ ಒಂದೂವರೆ ಇಂಚು ಉದ್ದದ ಮೀನುಗಳು. ಮೈಯುದ್ದಕ್ಕೂ ನೀಲಿ ಪಟ್ಟೆ. ಜೀಬ್ರಾ ಮೀನು ಎಂದು ಅಲ್ಲಿನವರು ಕರೆಯುತ್ತಿದ್ದರು, ಇವಳು ಪಟ್ಟೆ ಮೀನು ಎನ್ನುತ್ತಿದ್ದಳು. ಸಂಜೆ ಒಂದು ಗಂಡು, ಒಂದು ಹೆಣ್ಣನ್ನು ಸಣ್ಣ ಡಬ್ಬಿಗೆ ಬಿಟ್ಟು ನಡುವೆ ತಡಿಕೆ ಇಡಬೇಕು. ಬೆಳಿಗ್ಗೆ ದೀಪ ಹತ್ತಿದ ಮೇಲೆ ತಡಿಕೆ ತೆಗೆದರೆ ಅರ್ಧ ಗಂಟೆಯಲ್ಲಿ ಮೊಟ್ಟೆ. ಅವನ್ನು ಟೀ ಸೋಸುವ ಜರಡಿಯಲ್ಲಿ ಹಿಡಿದು, ತೊಳೆದು, ಗಾಜಿನ ತಟ್ಟೆಗೆ ಹಾಕಿ, ಸತ್ತು ಬೆಳ್ಳಗಾದವನ್ನು ಒಂದೊಂದಾಗಿ ಹೀರುಕೊಳವೆಯಿಂದ ತೆಗೆಯಬೇಕು. ಸಾಸಿವೆ ಕಾಳಿಗಿಂತ ಸಣ್ಣ ಮೊಟ್ಟೆ, ಗಾಜಿನ ಹಾಗೆ ತಿಳಿ. ಮಾರನೆಯ ದಿನಕ್ಕೆ ಅದರೊಳಗೆ ಬಾಲ ಕಾಣುತ್ತದೆ, ಎದೆ ಬಡಿಯುವುದು ಕಾಣುತ್ತದೆ. ಮೂರನೆಯ ದಿನದ ಹೊತ್ತಿಗೆ ಮರಿ ಹೊರಗೆ ಬರುತ್ತದೆ. ಆಗಲೂ ಮೈ ಪಾರದರ್ಶಕ.

ಹದಿನಾರು ವರ್ಷ ಒಂದು ಮೈಯ ಒಂದೊಂದು ಅಲುಗಾಟವನ್ನೂ ನೋಡಿಕೊಂಡಿದ್ದ ಆದಿಲಕ್ಷ್ಮಮ್ಮನಿಗೆ ಈ ಕೆಲಸ ಯಾರೂ ಕಲಿಸದೆಯೇ ಹತ್ತಿತು. ಅವಳು ಬಂದ ಮೇಲೆ ಮರಿ ಸಾಯುವುದು ಕಡಿಮೆಯಾಯಿತು ಎಂದು ಅಲ್ಲಿನ ಪ್ರೊಫೆಸರ್ ಮೇಡಂ ಹೇಳುತ್ತಿದ್ದರು.

ಆ ಮೇಡಂ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವನು ಸೆಲ್ವರಾಜ್. ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು, ತಾತ ಚಿನ್ನದ ಗಣಿಯ ಕೆಲಸಗಾರ. ವಾರವೆಲ್ಲ ಹಾಸ್ಟೆಲಿನಲ್ಲಿದ್ದು ಶನಿವಾರ ಊರಿಗೆ ಹೊರಡುತ್ತಿದ್ದ. ಹಾಗಾಗಿ ಶನಿವಾರದ ಗಾಡಿಯಲ್ಲಿ ಇಬ್ಬರೂ ಜೊತೆ. ಅವನ ಕನ್ನಡದಲ್ಲಿ ತಮಿಳು ಇಣುಕುತ್ತಿತ್ತು, ಇವಳ ಕನ್ನಡದಲ್ಲಿ ತೆಲುಗು. ಅವನು ಅಕ್ಕಾ ಎನ್ನುತ್ತಿದ್ದ. ಅವನು ಏನು ಓದುತ್ತಿದ್ದಾನೆಂದು ಅವಳು ಕೇಳಿರಲಿಲ್ಲ. ಅವಳ ಮಗನ ವಿಷಯ ಅವನಿಗೆ ಗೊತ್ತಿರಲಿಲ್ಲ.

ಒಂದು ದಿನ ಅವನು ಮರಿ ತೆಗೆದುಕೊಳ್ಳಲು ಬಂದಾಗ ಆದಿಲಕ್ಷ್ಮಮ್ಮ ಒಂದು ಸಣ್ಣ ತಟ್ಟೆಯನ್ನು ಮುಂದಿಟ್ಟಳು.

“ಇದ್ರಾಗೆ ಒಂಬತ್ತು ಮರಿ ಬೇರೆ ತೆಗೆದಿಟ್ಟಿವ್ನಿ. ಇವು ಸರಿ ಇಲ್ಲ ಕಣಪ್ಪ.”

ಸೆಲ್ವರಾಜ್ ಅವನ್ನು ಕೊಂಡುಹೋದ. ಒಂದು ಗಂಟೆ ಬಿಟ್ಟು ಓಡಿಕೊಂಡೇ ಬಂದ.

“ಅಕ್ಕಾ, ನಾನು ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೇ ನೋಡಿ ಆರಿಸ್ಬೇಕಾಗಿದ್ದ ಮರಿಗಳು ಇವು. ಒಂಬತ್ತರಲ್ಲಿ ಎಂಟು ನೀವು ಸರಿಯಾಗೇ ಆರಿಸಿದೀರ. ಬರೀ ಕಣ್ಣಲ್ಲಿ ಹೆಂಗೆ ಕಂಡುಹಿಡಿದ್ರಿ?”

“ಮುಟ್ಟಿದ್ರೆ ಮರಿ ಚಂಗನೆ ಓಡಬೇಕು. ಇವೂ ಓಡಕ್ಕೆ ನೋಡ್ತವೆ. ಆದ್ರೆ ಓಡಕ್ಕೆ ಮುಂಚೆ ಮೈಯೆಲ್ಲ ನಡುಗ್ತದೆ.” ಅವಳು ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟಳು. “ನನ್ನ ಮಗನೂ ಅಂಗೇ ಇದ್ದ. ಕೈ ಚಾಚಬೇಕು ಅಂದ್ರೆ ಮೊದ್ಲು ನಡುಗೋನು.”

ಅವನು ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತ. ಕೇಳುತ್ತ ಹೋದ, ಅವಳು ಹೇಳುತ್ತ ಹೋದಳು. ಕಣ್ಣು ಆಡುತ್ತಿದ್ದದ್ದು, ಕತ್ತು ನಿಲ್ಲದ್ದು, ವೈದ್ಯರು ಹೇಳಿದ ಹೊದಿಕೆಯ ಮಾತು. ಸೋಮವಾರ ಅವಳು ಬೀರುವಿನ ತಳದ ಪ್ಲಾಸ್ಟಿಕ್ ಕವರನ್ನು ತಂದುಕೊಟ್ಟಳು. ಸೆಲ್ವರಾಜ್ ಹಳೆಯ ಕಾಗದವನ್ನು ಎರಡು ಸಲ ಓದಿದ.

“ಅಕ್ಕಾ,” ಅಂದ ಕೊನೆಗೆ, “ನಾಲ್ಕು ವರ್ಷದಿಂದ ನಾನು ಓದ್ತಾ ಇರೋದು ಈ ಹೊದಿಕೆನೇ. ಮಯಲಿನ್ ಅಂತಾರೆ. ಅದನ್ನ ಮಾಡೋ ಕೋಶಗಳು ಹೆಂಗೆ ಹುಟ್ಟಿ ಹೆಂಗೆ ಬೆಳೀತಾವೆ ಅಂತ. ನೀವು ಸಾಕ್ತಾ ಇರೋ ಮೀನು ಅದಕ್ಕೇ.”

“ಅದು ಕಣ್ಣಿಗೆ ಕಾಣ್ತದಾ?”

“ಮೀನಲ್ಲಿ ಕಾಣುತ್ತೆ. ಮನುಷ್ಯರಲ್ಲಿ ಮಗು ಹೊಟ್ಟೇಲಿದ್ದಾಗ ಶುರುವಾಗೋದು, ನೋಡಕ್ಕಾಗಲ್ಲ. ಮೀನು ಮರಿ ಗಾಜಿನ ಥರ ಅಲ್ವಾ.”

“ನನಗೆ ತೋರ್ಸಪ್ಪ.”

ಎರಡು ದಿನ ಬಿಟ್ಟು ಅವನು ಅವಳನ್ನು ಸೂಕ್ಷ್ಮದರ್ಶಕದ ಕೋಣೆಗೆ ಕರೆದೊಯ್ದ. ಅವಳೇ ಎತ್ತಿಕೊಟ್ಟಿದ್ದ ಎರಡೂವರೆ ದಿನದ ಮರಿಯನ್ನು ಅವನು ಹಗುರವಾದ ಜೆಲ್ಲಿಯಲ್ಲಿ ಅಲುಗದಂತೆ ಮಲಗಿಸಿ, ಹತ್ತು ಗಂಟೆ ಕಾಲ ಒಂದೇ ಸಮನೆ ಚಿತ್ರ ಹಿಡಿದಿದ್ದ. ಆ ಹತ್ತು ಗಂಟೆ ಈಗ ಪರದೆಯ ಮೇಲೆ ಎರಡು ನಿಮಿಷದಲ್ಲಿ ಓಡುವುದಿತ್ತು. ಬೇಕಾದ ಕೋಶಗಳು ಮಾತ್ರ ಹಸಿರಾಗಿ ಹೊಳೆಯುವಂತೆ ಆ ಮೀನಿನ ತಳಿಯನ್ನೇ ಮಾಡಿದ್ದರು.

ಕಪ್ಪು ಪರದೆಯ ಕೆಳಭಾಗದಲ್ಲಿ ಒಂದು ಹಸಿರು ಚುಕ್ಕೆ ಕಾಣಿಸಿತು.

“ಇದು ಬೆನ್ನುಹುರಿ ಅಕ್ಕಾ. ಈ ಕೋಶ ಹುಟ್ಟೋದು ಯಾವಾಗ್ಲೂ ಹುರಿಯ ಕೆಳಗಡೆ. ನೋಡಿ, ಈಗ ಅದು ಹೊರಟಿತು.”

ಚುಕ್ಕೆ ನಿಧಾನವಾಗಿ ಮೇಲಕ್ಕೆ ತೆವಳಿತು. ಅದಕ್ಕೆ ಎಳೆಗಳು ಮೂಡಿದವು. ಒಂದು ಎಳೆ ಆಚೆ ಚಾಚಿ ಏನನ್ನೋ ಮುಟ್ಟಿ ಹಿಂದಕ್ಕೆ ಬಂತು. ಇನ್ನೊಂದು ಈಚೆ ಚಾಚಿತು. ಹಿಂದಿನಿಂದ ಇನ್ನೊಂದು ಕೋಶ ಬಂದು ಇದನ್ನು ತಾಕಿತು, ತಕ್ಷಣ ಎರಡೂ ದೂರ ಸರಿದು ತಮ್ಮ ತಮ್ಮ ಜಾಗ ಹಿಡಿದವು.

“ಮುಟ್ಟಿ ಮುಟ್ಟಿ ನೋಡ್ತದಲ್ಲ.”

“ಆಮಾ, ಹೌದು. ನರಗಳನ್ನ ಮುಟ್ಟಿ ನೋಡ್ತಾ ಇದೆ, ಯಾವುದಕ್ಕೆ ಸುತ್ತಬೇಕು, ಯಾವುದಕ್ಕೆ ಬೇಡ ಅಂತ. ಈಗ ನೋಡಿ.”

ಎಳೆಗಳು ಒಮ್ಮೆಲೇ ಬದಲಾದವು. ಒಂದೊಂದು ಎಳೆಯ ತುದಿಯೂ ನರದ ಉದ್ದಕ್ಕೆ ಹರಡಿ ಸಣ್ಣ ಕೊಳವೆಯಂತೆ ಆಯಿತು. ಒಂದು, ಎರಡು, ಐದು, ಹತ್ತು. ಒಂದೇ ಕೋಶ ಅಷ್ಟೊಂದು ನರಗಳನ್ನು ಹಿಡಿದುಕೊಂಡು ನಿಂತಿತು. ಒಂದೆರಡು ಕಡೆ ಸುತ್ತಿದ್ದನ್ನು ಬಿಟ್ಟು ಎಳೆಯನ್ನು ಒಳಗೆ ಎಳೆದುಕೊಂಡಿತು.

“ಇಷ್ಟಕ್ಕೂ ಅದಕ್ಕಿರೋ ಟೈಮು ಐದಾರು ಗಂಟೆ ಅಷ್ಟೆ ಅಕ್ಕಾ. ಅಷ್ಟರಲ್ಲಿ ಎಷ್ಟು ನರಕ್ಕೆ ಸುತ್ತಬೇಕೋ ಸುತ್ತಬೇಕು. ಆಮೇಲೆ ಆ ಕೋಶ ಹೊಸದಾಗಿ ಶುರು ಮಾಡೋದು ತುಂಬಾ ಕಡಿಮೆ. ಈ ಹೊದಿಕೆ ಇದ್ರೆ ಮಿದುಳು ಹೇಳಿದ್ದು ಕಾಲಿಗೆ ಬೇಗ ಮುಟ್ಟುತ್ತೆ, ದಾರೀಲಿ ಕೆಡಲ್ಲ.”

“ನಡುಗೋ ಮರೀದು ತೋರ್ಸು.”

ಸೆಲ್ವರಾಜ್ ಹಿಂಜರಿದ. ಅವಳು ಇನ್ನೊಂದು ಸಲ ಕೇಳಿದ ಮೇಲೆ ಹಾಕಿದ.

ಅದರಲ್ಲೂ ಕೆಳಗೆ ಹಸಿರು ಚುಕ್ಕೆ ಹುಟ್ಟಿತು. ಅದರಲ್ಲೂ ಚುಕ್ಕೆ ಮೇಲಕ್ಕೆ ತೆವಳಿತು, ಎಳೆ ಚಾಚಿತು, ನರಗಳನ್ನು ಮುಟ್ಟಿತು. ಮತ್ತೆ ಚಾಚಿತು, ಮತ್ತೆ ಮುಟ್ಟಿತು. ಕೊಳವೆ ಆಗಲಿಲ್ಲ. ಚಿತ್ರ ಮುಗಿಯುವವರೆಗೂ ಅದು ಚಾಚುತ್ತಲೇ ಇತ್ತು. ಪಕ್ಕದ ಒಂದು ಕೋಶ ಮುದುಡಿ, ಚೂರುಚೂರಾಗಿ ಮಾಯವಾಯಿತು.

ಆದಿಲಕ್ಷ್ಮಮ್ಮ ಪರದೆಯ ಹತ್ತಿರಕ್ಕೆ ಬಗ್ಗಿದಳು.

“ಬಂದವೆ ಅಲ್ವಾ,” ಅಂದಳು ಆಮೇಲೆ. “ನಾನು ಇಷ್ಟು ವರ್ಸ ಅವನ ಮೈಯಾಗೆ ಅದು ಇರ್ಲೇ ಇಲ್ಲ ಅಂದ್ಕೊಂಡಿದ್ದೆ. ಡಾಕ್ಟ್ರು ಇಲ್ಲ ಅಂದ್ರು, ನಾನೂ ಇಲ್ಲ ಅಂದ್ಕೊಂಡೆ. ಬಂದವೆ. ಮುಟ್ಟವೆ. ಸುತ್ತಕ್ಕೆ ಆಗಿಲ್ಲ.”

“ಅಕ್ಕಾ, ಇದು ಮೀನು. ನಿಮ್ಮ ಮಗನಿಗೂ ಇದೇ ಆಗಿತ್ತು ಅಂತ ನಾನು ಹೇಳಕ್ಕಾಗಲ್ಲ. ಅವನದು ಬೇರೆ ಜೀನ್ ಇರಬಹುದು.”

“ಗೊತ್ತಪ್ಪ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಮದ್ದು ಕಂಡುಹಿಡಿದವ್ರಾ ಯಾರಾದ್ರೂ?”

“ಇಲ್ಲ ಅಕ್ಕಾ. ನೋಡ್ತಾ ಇದೀವಿ. ಇನ್ನೂ ಇಲ್ಲ.”

ಅವಳು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. “ಇದು ತಾಯಿಯಿಂದ ಬರ್ತದಾ?”

ಸೆಲ್ವರಾಜ್‌ಗೆ ಉತ್ತರ ಗೊತ್ತಿತ್ತು. ಆದರೆ ಹೇಳುವ ಹಕ್ಕು ತನಗಿಲ್ಲ ಎಂದು ಅವನಿಗೆ ಅನ್ನಿಸಿತು. “ಅದನ್ನ ಡಾಕ್ಟರನ್ನೇ ಕೇಳಬೇಕು. ಮೇಡಂಗೆ ಗೊತ್ತಿರೋ ಡಾಕ್ಟರ್ ಒಬ್ಬರಿದಾರೆ, ಇದೇ ನೋಡೋರು,” ಅಂದ.

ಅಲ್ಲಿ, ಆ ಬಾಗಿಲಲ್ಲಿ ನಿಂತು, ಆದಿಲಕ್ಷ್ಮಮ್ಮ ತನ್ನ ತಾಯಿಯ ತಮ್ಮನ ವಿಷಯವನ್ನು ಮೊದಲ ಸಲ ಇನ್ನೊಬ್ಬರಿಗೆ ಹೇಳಿದಳು.

ಡಾಕ್ಟರ್ ಹೆಂಗಸು, ವಯಸ್ಸಾದವರು. ಮನೆತನದ ನಕ್ಷೆಯೊಂದನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ರಕ್ತ ತೆಗೆಸಿದರು. ಆರು ವಾರದ ಮೇಲೆ ಕರೆದು ಹೇಳಿದರು: ಹೊದಿಕೆಗೆ ಬೇಕಾದ ಒಂದು ಜೀನಿನ ಎರಡು ಪ್ರತಿಗಳಲ್ಲಿ ಒಂದು, ಆದಿಲಕ್ಷ್ಮಮ್ಮನಲ್ಲಿ ತಪ್ಪಾಗಿ ಎರಡು ಸಲ ಬರೆದ ಹಾಗೆ ಇದೆ. ಹೆಣ್ಣಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಏಕೆಂದರೆ ಸರಿಯಾದ ಇನ್ನೊಂದು ಪ್ರತಿ ಇರುತ್ತದೆ. ಗಂಡುಮಗುವಿಗೆ ಇನ್ನೊಂದು ಪ್ರತಿ ಇಲ್ಲ. ಹುಟ್ಟುವ ಗಂಡುಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಬರಬಹುದು. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನ ಅದನ್ನು ಹೊತ್ತಿರಬಹುದು.

“ಇದು ನಿಮ್ಮ ತಪ್ಪಲ್ಲ. ನಿಮ್ಮ ಕಣ್ಣಿನ ಬಣ್ಣ ನೀವು ಆರಿಸಿಕೊಂಡಿದ್ದಲ್ಲ ಅಲ್ವಾ, ಇದೂ ಅಷ್ಟೆ,” ಅಂದರು. ಆಮೇಲೆ ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟು ಕೇಳಿದರು: “ನಿಮ್ಮ ಮಗಳಿಗೆ ಎಷ್ಟು ವಯಸ್ಸು?”

ಕಲ್ಪನಳಿಗೆ ಇಪ್ಪತ್ತೆರಡು. ಬಂಗಾರಪೇಟೆಯ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮುಳಬಾಗಿಲು ಕಡೆಯ ಸುಧಾಕರ್ ಎಂಬ ಹುಡುಗನ ಮನೆಯಿಂದ ಸಂಬಂಧ ಬಂದಿತ್ತು. ರೇಷ್ಮೆ ಹುಳು ಸಾಕುವ ಮನೆ, ಒಳ್ಳೆಯ ಜನ. ಹುಡುಗ ಹುಡುಗಿ ಒಪ್ಪಿದ್ದರು. ಅವರಿಗೂ “ತಮ್ಮ ಜ್ವರ ಬಂದು ಓದ” ಎಂದೇ ಹೇಳಿದ್ದಾಗಿತ್ತು.

ಆದಿಲಕ್ಷ್ಮಮ್ಮ ಮನೆಗೆ ಬಂದು, ಕಾಲು ತೊಳೆದು, ಮೊದಲು ಅತ್ತೆಯ ಹತ್ತಿರ ಹೋದಳು. ಮುನಿನಾರಾಯಣಮ್ಮ ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು.

“ಅತ್ತೆ, ನೀವು ಯೋಳಿದ್ದು ನಿಜ. ಚಿರುಗೆ ಅದು ನನ್ನಿಂದ ಬಂದಿದ್ದು. ನನ್ನ ತೌರಿನಿಂದ. ಇವತ್ತು ರಕ್ತ ನೋಡಿ ಯೋಳಿದ್ರು.”

ಮುದುಕಿಯ ಕೈ ನಿಂತಿತು. ಅವಳು ಸೊಸೆಯ ಮುಖ ನೋಡಿದಳು, ಆಮೇಲೆ ಮೊರದ ಕಡೆ ನೋಡಿದಳು.

“ಅದೇನೆ ನೀನು ಯೋಳ್ತಿರೋದು,” ಅಂದಳು. “ನಾನು ಸಿಟ್ಟಿಗೆ ಬಾಯಿಗೆ ಬಂದಿದ್ದು ಅಂದೆ. ನಿಜ ಅಂತ ಯಾವತ್ತು ಅಂದ್ಕೊಂಡಿದ್ದೆ ನಾನು? ನಿಜ ಅಂತ ಗೊತ್ತಿದ್ರೆ ಅಂತಿದ್ನಾ?”

ಮುನಿನಾರಾಯಣಮ್ಮ ಮೊರವನ್ನು ಪಕ್ಕಕ್ಕೆ ತಳ್ಳಿದಳು. “ಹದಿನಾರು ವರ್ಸ ಅಂದಿವ್ನಿ,” ಎಂದು ತನಗೆ ತಾನೇ ಹೇಳಿಕೊಂಡಳು. ಆ ಸಂಜೆ ಅವಳು ಊಟಕ್ಕೆ ಏಳಲಿಲ್ಲ. ಆದಿಲಕ್ಷ್ಮಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿ, ತುತ್ತು ಮಾಡಿ ಕೈಗೆ ಕೊಟ್ಟಾಗ ಮಾತ್ರ ತಿಂದಳು. ಅದಾದ ಮೇಲೆ ಆ ಮಾತು ಆ ಮನೆಯಲ್ಲಿ ಕೇಳಿಸಲಿಲ್ಲ.

ಶ್ರೀರಾಮಪ್ಪನದು ಬೇರೆಯೇ ಆಯಿತು. ಎಲ್ಲ ಕೇಳಿಸಿಕೊಂಡು ಎದ್ದುನಿಂತ.

“ಆ ಮೀನಿನ ಕೆಲಸಕ್ಕೆ ಓಗಿದ್ದೇ ತಪ್ಪು. ಸತ್ತೋನು ಸತ್ತ. ಈಗ ಬದುಕಿರೋಳ ತಲೆ ಮೇಲೆ ಯಾಕೆ ಎಳೀತೀಯ? ಮದುವೆ ಆಗ್ಲಿ, ಆಮೇಲೆ ನೋಡಾಣ.”

“ಆಮೇಲೆ ಅಂದ್ರೆ ಯಾವಾಗ? ಗಂಡುಮಗು ಉಟ್ಟಿ ಕಣ್ಣು ಆಡಿಸಿದ ಮೇಲಾ?”

“ಅರ್ಧ ಜನಕ್ಕೆ ಬರಲ್ಲ ಅಂತನೂ ಯೋಳವ್ರಲ್ಲ!”

ಒಳಗೆ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದ ಕಲ್ಪನ ಬಾಗಿಲಿಗೆ ಬಂದು ನಿಂತಳು. “ನನ್ನ ರಕ್ತ ಅಲ್ವಾ ಅಪ್ಪ. ನಾನು ಕೊಡ್ತೀನಿ,” ಅಂದಳು. “ಚಿರುನ ಅಮ್ಮ ಒಬ್ಬಳೇ ನೋಡ್ಕೊಂಡಿದ್ದಾ? ನಾನೂ ನೋಡ್ಕೊಂಡಿದೀನಿ. ನನಗೆ ಗೊತ್ತಿರ್ಬೇಕು.”

ಶ್ರೀರಾಮಪ್ಪ ಕೊಟ್ಟಿಗೆಗೆ ಹೋದ. ಒಂದು ವಾರ ಹೆಂಡತಿ, ಮಗಳ ಜೊತೆ ಮಾತಾಡಲಿಲ್ಲ. ಆದರೆ ಕಲ್ಪನಳ ರಕ್ತದ ಫಲಿತಾಂಶ ಬರುವ ದಿನ ಬೆಳಿಗ್ಗೆ, ಡೈರಿಗೆ ಹಾಲು ಹಾಕಿ ಬಂದವನು, ಬಿಳಿ ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಅವರ ಹಿಂದೆಯೇ ಬಂದ. ಯಾರೂ ಕರೆದಿರಲಿಲ್ಲ. ಗಾಡಿಯಲ್ಲಿ ಬಾಗಿಲ ಹತ್ತಿರ ನಿಂತೇ ಬೆಂಗಳೂರಿಗೆ ಬಂದ.

ಕಲ್ಪನಳೂ ಅದನ್ನು ಹೊತ್ತಿದ್ದಳು.

ಡಾಕ್ಟರ್ ನಿಧಾನವಾಗಿ ಎಲ್ಲ ವಿವರಿಸಿದರು. ಮದುವೆಯಾಗಬಹುದು, ಮಕ್ಕಳನ್ನೂ ಪಡೆಯಬಹುದು. ಬಸುರಿಯಾದ ಮೂರನೆಯ ತಿಂಗಳಲ್ಲಿ ಪರೀಕ್ಷೆ ಮಾಡಿ ಮಗುವಿಗೆ ಬಂದಿದೆಯೋ ಇಲ್ಲವೋ ತಿಳಿಯಬಹುದು. ಗೊತ್ತಿದ್ದರೆ ದಾರಿಗಳಿವೆ. ಕಲ್ಪನ ಎಲ್ಲವನ್ನೂ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಹೊರಗೆ ಬಂದ ಮೇಲೆ ಶ್ರೀರಾಮಪ್ಪ ಮಗಳಿಗೆ ಎಳನೀರು ಕೊಡಿಸಿದ. ಅವಳು ಕುಡಿಯುವವರೆಗೂ ಅವಳ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ನಿಂತಿದ್ದ.

ಸುಧಾಕರನಿಗೆ ಹೇಳುವುದನ್ನು ಅವಳು ಬೇರೆಯವರಿಗೆ ಬಿಡಲಿಲ್ಲ. ಬಂಗಾರಪೇಟೆಗೆ ಬರಹೇಳಿ, ಹೋಟೆಲೊಂದರಲ್ಲಿ ಎದುರಿಗೆ ಕುಳಿತು, ತಮ್ಮ ಹೇಗೆ ಬದುಕಿದ, ಹೇಗೆ ಸತ್ತ, ಡಾಕ್ಟರ್ ಏನೆಂದರು ಎಲ್ಲ ಹೇಳಿದಳು. ಅವನು ಕಾಫಿ ಮುಟ್ಟದೆ ಕೇಳಿಸಿಕೊಂಡ. “ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ,” ಅಂದ. ಹೊಗಳಿದನೋ ನೊಂದನೋ ಅವಳಿಗೆ ತಿಳಿಯಲಿಲ್ಲ. ಎರಡು ವಾರದ ಮೇಲೆ ಅವನ ಚಿಕ್ಕಪ್ಪ ಫೋನ್ ಮಾಡಿ, ಈ ವರ್ಷ ಮದುವೆ ಮಾಡುವ ಯೋಚನೆ ಬಿಟ್ಟಿದ್ದೇವೆ ಎಂದು ಮರ್ಯಾದೆಯಾಗಿಯೇ ಹೇಳಿದರು. ಕಲ್ಪನ ಎರಡು ದಿನ ಶಾಲೆಗೆ ಹೋಗಲಿಲ್ಲ. ಮೂರನೆಯ ದಿನ ಹೋದಳು.

ಆದಿಲಕ್ಷ್ಮಮ್ಮನಿಗೆ ಆ ದಿನಗಳಲ್ಲಿ ತಾನು ಮಾಡಿದ್ದು ಸರಿಯೋ ಎಂಬ ಶಂಕೆ ಕಾಡದೆ ಇರಲಿಲ್ಲ. ಕೆಲಸ ಬಿಡುವ ಯೋಚನೆಯೂ ಬಂತು. ಒಂದು ಬೆಳಿಗ್ಗೆ ಸೆಲ್ವರಾಜ್‌ನನ್ನು ಕೇಳಿಯೇಬಿಟ್ಟಳು: “ತಿಳ್ಕೊಂಡು ಏನು ಸಿಕ್ತಪ್ಪ ನಮಗೆ?”

ಅವನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, “ನನಗೆ ಗೊತ್ತಿಲ್ಲ ಅಕ್ಕಾ,” ಅಂದ. ಆ ಉತ್ತರ ಅವಳಿಗೆ ಯಾಕೋ ಹಿಡಿಸಿತು. ಕೆಲಸ ಬಿಡಲಿಲ್ಲ.

ಡಾಕ್ಟರ್ ಬರೆದ ನಕ್ಷೆಯಲ್ಲಿ ಇನ್ನೊಂದು ಗುಂಡು ಗುರುತಿತ್ತು. ಅದು ಆದಿಲಕ್ಷ್ಮಮ್ಮನ ತಂಗಿ ರೂಪ. ಕುಪ್ಪಂ ಹತ್ತಿರದ ಊರಿಗೆ ಕೊಟ್ಟಿದ್ದರು, ಒಬ್ಬಳೇ ಮಗಳು ಲಿಖಿತ. ಲಿಖಿತಳಿಗೆ ಹಿಂದಿನ ವರ್ಷ ಮದುವೆಯಾಗಿತ್ತು. ಅಕ್ಕತಂಗಿಯರ ನಡುವೆ ಜಗಳವೇನೂ ಆಗಿರಲಿಲ್ಲ. ಆದರೆ ಚಿರಂಜೀವಿಯನ್ನು ಕಂಡಾಗಿನಿಂದ ರೂಪ ಅಕ್ಕನ ಮನೆಗೆ ಬರುವುದನ್ನು ನಿಲ್ಲಿಸಿದ್ದಳು. ಸಾವಿಗೂ ಗಂಡನನ್ನು ಮಾತ್ರ ಕಳಿಸಿದ್ದಳು.

ಒಂದು ಭಾನುವಾರ ಆದಿಲಕ್ಷ್ಮಮ್ಮ ಕುಪ್ಪಂಗೆ ಹೋದಳು. ರೂಪ ಪೂರ್ತಿ ಕೇಳಿಸಿಕೊಳ್ಳಲಿಲ್ಲ.

“ನಿನ್ನ ಮಗಳ ಮದುವೆ ನಿಂತೋಯ್ತು ಅಂತ ನನ್ನ ಮಗಳ ಸಂಸಾರ ಕೆಡಿಸಕ್ಕೆ ಬಂದ್ಯಾ ಅಕ್ಕಾ?”

“ಕೆಡಿಸಕ್ಕಲ್ಲ ಕಣೆ. ಅಮ್ಮಂಗೆ ಒಬ್ಬ ತಮ್ಮ ಇದ್ನಂತೆ, ಅವನೂ—”

“ಅದನ್ನ ಎತ್ತಬೇಡ!” ರೂಪ ಕೂಗಿದಳು. ಹಾಗೆ ಕೂಗಿದ್ದರಿಂದ, ಆ ಸಂಗತಿ ತಂಗಿಗೂ ಗೊತ್ತಿತ್ತು, ಅವಳೂ ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದಳು ಎಂದು ಆದಿಲಕ್ಷ್ಮಮ್ಮನಿಗೆ ತಿಳಿಯಿತು. ಅವಳು ಡಾಕ್ಟರ ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನು ಕಿಟಕಿಯ ಮೇಲಿಟ್ಟು ಎದ್ದು ಬಂದಳು.

ಎರಡು ತಿಂಗಳು ಏನೂ ಸುದ್ದಿಯಿಲ್ಲ. ಆಮೇಲೆ ಒಂದು ಸಂಜೆ ಲಿಖಿತ ತಾನೇ ಫೋನ್ ಮಾಡಿದಳು. ಬಸುರಿಯಾಗಿ ಏಳು ವಾರ. ಅಮ್ಮನ ಮನೆಯ ಕಿಟಕಿಯಲ್ಲಿ ಚೀಟಿ ಸಿಕ್ಕಿತು, ಅಮ್ಮನನ್ನು ಕೇಳಿದರೆ ಅಳುತ್ತಾಳೆ, ದೊಡ್ಡಮ್ಮ ನೀವೇ ಹೇಳಿ ಎಂದಳು. ಆದಿಲಕ್ಷ್ಮಮ್ಮ ಹೇಳಿದಳು. ಮೂರು ದಿನದ ಮೇಲೆ ಲಿಖಿತ, ಅವಳ ಗಂಡ, ಅವರ ಹಿಂದೆ ತಲೆ ತಗ್ಗಿಸಿಕೊಂಡು ರೂಪ, ಮೂವರೂ ಬೆಂಗಳೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಕಲ್ಪನ, ತನ್ನ ಪುಟ್ಟ ಪುಸ್ತಕ ತೆರೆದು, ಡಾಕ್ಟರನ್ನು ಏನೇನು ಕೇಳಬೇಕೆಂದು ಲಿಖಿತಳಿಗೆ ಓದಿ ಹೇಳುತ್ತಿದ್ದಳು. ಹೊಟ್ಟೆಯಲ್ಲಿ ಮಗು ಇದ್ದುದರಿಂದ ತಾಯಿ ಮಗಳಿಬ್ಬರ ರಕ್ತವನ್ನೂ ಬೇಗ ನೋಡಿದರು. ಹುಡುಕಬೇಕಾದ ಜಾಗ ಯಾವುದೆಂದು ಆದಿಲಕ್ಷ್ಮಮ್ಮನ ಪರೀಕ್ಷೆಯಿಂದ ಮೊದಲೇ ಗೊತ್ತಿತ್ತು.

ರೂಪಳಲ್ಲಿ ಅದು ಇರಲಿಲ್ಲ. ಲಿಖಿತಳಲ್ಲೂ ಇರಲಿಲ್ಲ.

ಫಲಿತಾಂಶ ಕೇಳಿದ ದಿನ ಲಿಖಿತ, ಅವಳ ಗಂಡ ಬಸ್ಸಿನಲ್ಲಿ ತಮ್ಮೂರಿಗೆ ಹೋದರು. ಅಕ್ಕತಂಗಿಯರು ಗಾಡಿ ಹತ್ತಿದರು. ಗಾಡಿ ಮಾಲೂರು ದಾಟಿತು. ಒಂದೇ ತಾಯಿಯ ಹೊಟ್ಟೆ, ಒಬ್ಬಳಿಗೆ ಬಂತು, ಇನ್ನೊಬ್ಬಳಿಗೆ ಬರಲಿಲ್ಲ. ಆದಿಲಕ್ಷ್ಮಮ್ಮನಿಗೆ ಸಮಾಧಾನವಾಗಿತ್ತು. ಸಮಾಧಾನದ ಅಡಿಯಲ್ಲಿ ಇನ್ನೇನೋ ನೋವೂ ಇತ್ತು, ಅದನ್ನು ಅವಳು ಯಾರಿಗೂ ಹೇಳಲಿಲ್ಲ.

“ನಾನು ಎದರಿಕೊಂಡಿದ್ದೆ ಅಕ್ಕಾ,” ಅಂದಳು ರೂಪ ಕಿಟಕಿಯ ಹೊರಗೆ ನೋಡುತ್ತ. “ನಿನ್ನ ಮಗನ್ನ ನೋಡಿದ್ರೆ ನನಗೂ ಅಂಗೇ ಉಟ್ತದೆ ಅನ್ನಿಸ್ತಿತ್ತು. ಲಿಖಿತ ಒಬ್ಳೇ ಸಾಕು, ಇನ್ನೊಂದು ಬೇಡ ಅಂದ್ಬಿಟ್ಟೆ. ಅವನನ್ನ ಒಂದ್ಸಲಾನೂ ಎತ್ಕೊಳ್ಳಲಿಲ್ಲ ನಾನು.”

ಆದಿಲಕ್ಷ್ಮಮ್ಮ ತಂಗಿಯ ಕೈ ಹಿಡಿದುಕೊಂಡಳು. ಬಂಗಾರಪೇಟೆ ಬಂತು. ಅವಳು ಚೀಲ ತೆಗೆದುಕೊಂಡು ಎದ್ದಳು. ಅದೇ ಗಾಡಿಯಲ್ಲಿ ಮುಂದೆ ಕುಪ್ಪಂವರೆಗೆ ಹೋಗಬೇಕಾಗಿದ್ದ ರೂಪ, ಒಂದು ಕ್ಷಣ ಕುಳಿತಿದ್ದು, ತಾನೂ ಎದ್ದು ಅಕ್ಕನ ಹಿಂದೆ ಇಳಿದಳು.